ಗಂಟಾಗುವ ಮೊದಲು

ಅಬ್ಬಿಗೆರೆಯಲ್ಲಿ ಗೌರಮ್ಮನ ಮುದ್ದೆ ಮೆಸ್ಸಿಗೆ ಬೋರ್ಡ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೀಣ್ಯದ ಫ್ಯಾಕ್ಟರಿಗಳಿಂದ ಬೈಕಿನಲ್ಲಿ ಊಟಕ್ಕೆ ಬರುವವರು, ಹೊಸ ಲೇಔಟುಗಳಲ್ಲಿ ಗಾರೆ ಕೆಲಸ ಮಾಡುವವರು, ಗಿರಾಕಿಗಳಿಗೆ ಸೈಟು ತೋರಿಸುತ್ತ ಕಾರಿನಲ್ಲಿ ಅಲೆಯುವ ಬ್ರೋಕರುಗಳು, ಎಲ್ಲರಿಗೂ ಆ ಶೀಟಿನ ಮನೆ ಗೊತ್ತಿತ್ತು. ಒಳಗೆ ಕಾಲಿಟ್ಟರೆ ಬಲಗಡೆ ಗಲ್ಲಾದಲ್ಲಿ ಅವಳ ಗಂಡ ಲಕ್ಕಣ್ಣ, ಎಡಗಡೆ ಒಲೆ, ಒಲೆಯ ಮೇಲೆ ಮಗುವನ್ನು ಕೂರಿಸಿ ನೀರು ಹಾಕಬಹುದಾದಷ್ಟು ದೊಡ್ಡ ಪಾತ್ರೆ. ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ನಿಂತವಳು ಗೌರಮ್ಮ.

ಮುದ್ದೆ ತಿರುವುವುದು ಕೈಯ ಕೆಲಸ ಎಂದು ಕೂತು ತಿನ್ನುವವರು ತಿಳಿದಿರುತ್ತಾರೆ. ತಿರುವಿದವರನ್ನು ಕೇಳಬೇಕು. ಅದು ಎದೆಯ ಕೆಲಸ, ಬೆನ್ನಿನ ಕೆಲಸ. ಕೋಲಿನ ಮೇಲೆ ಮೈಭಾರವೆಲ್ಲ ಬಿಟ್ಟು, ಪಕ್ಕೆಯಿಂದ ಎಳೆದು ಎಳೆದು ಸುತ್ತಬೇಕು. ಒಂದು ಗಂಟೂ ಇರಬಾರದು. ಗೌರಮ್ಮನ ಮುದ್ದೆಯಲ್ಲಿ ಗಂಟು ಸಿಕ್ಕಿತು ಎಂದು ಹೇಳಿದ ಗಿರಾಕಿ ಅಬ್ಬಿಗೆರೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು, ಇರಲಿ ಬಿಡಿ, ದುಡಿದು ಗಳಿಸಿದ ಜಂಬ.

2014ರ ಬೇಸಿಗೆಯಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಒಲೆಯ ಹೊಗೆ ಅಂದರು, ಧೂಳು ಅಂದರು, ಹೊಸ ರಸ್ತೆಯ ಕೆಲಸ ಅಂದರು. ಕೊನೆಗೆ ಮಗಳು ಶಾಂತಲಾ ಬಲವಂತವಾಗಿ ಕರೆದುಕೊಂಡು ಹೋಗಿ ಹೆಬ್ಬಾಳದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಳು. ಬಲಗಡೆಯ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಯೊಂದು ಬೆಳೆದು ಕೂತಿತ್ತು. ನಾಯಿಗಳ ಹೊಟ್ಟೆಯಲ್ಲಿರುವ ಒಂದು ಹುಳುವಿನ ಮೊಟ್ಟೆ ಹೇಗೋ ಮನುಷ್ಯರ ಒಳಗೆ ಸೇರಿದರೆ ಹೀಗಾಗುತ್ತದಂತೆ. ಮೆಸ್ಸಿನ ಹಿಂದೆ ಬೀದಿನಾಯಿಗಳ ಮೈದಡವಿ, ಉಳಿದ ಮುದ್ದೆ ಹಾಕಿ ಸಾಕಿದವಳು ಅವಳೇ. ಲಕ್ಕಣ್ಣನಿಗೆ ಮೊದಲಿಂದಲೂ ಆ ನಾಯಿಗಳನ್ನು ಕಂಡರಾಗುತ್ತಿರಲಿಲ್ಲ, ಈಗ ಅವನ ಬಾಯಿಗೆ ಬೀಗ ಹಾಕುವವರೇ ಇಲ್ಲವಾದರು.

ಗುಳ್ಳೆ ಒಡೆದರೆ ಅಪಾಯ, ಪಕ್ಕೆ ತೆರೆದು ತೆಗೆಯಲೇಬೇಕು ಎಂದು ಸರ್ಜನ್ ಹೇಳಿದರು. ಸಾಯುವ ಭಯ ಗೌರಮ್ಮನಿಗೆ ಅಷ್ಟಾಗಿ ಬರಲಿಲ್ಲ. ಅವಳ ಕಣ್ಣಮುಂದೆ ಬಂದು ನಿಂತವನು ಅಣ್ಣ ಬೈರಣ್ಣ.

ಬೈರಣ್ಣ ಮಾಕಳಿಯಲ್ಲಿದ್ದ. ಹದಿನೆಂಟು ವರ್ಷದ ಹಿಂದೆ ಅವನ ಎದೆಯಲ್ಲಿ ಕೀವು ಕಟ್ಟಿ, ಇದೇ ಬಲಗಡೆ ಪಕ್ಕೆ ಕೊಯ್ದು, ಸತ್ತೇಹೋದ ಎಂದುಕೊಂಡವನನ್ನು ಡಾಕ್ಟರುಗಳು ಉಳಿಸಿ ಕಳಿಸಿದ್ದರು. ಅದಕ್ಕಾಗಿ ಮನೆಯವರೆಲ್ಲ ಇವತ್ತಿಗೂ ಕೈ ಮುಗಿಯುತ್ತಾರೆ. ಗಾಯ ಮಾಯಿತು, ಆದರೆ ಉರಿ ಉಳಿಯಿತು. ಬೆನ್ನಿನಿಂದ ಶುರುವಾಗಿ ಕಂಕುಳ ಕೆಳಗೆ ಸುತ್ತಿ ಎದೆಗೆ ಬರುವ ಒಂದು ಪಟ್ಟೆಯಷ್ಟು ಜಾಗ ಹಗಲೂ ರಾತ್ರಿ ಉರಿಯುತ್ತಿತ್ತು. ಅಂಗಿ ತಾಗಿದರೆ ಸಾಕು, ಮುಖ ಕಿವುಚಿಕೊಳ್ಳುತ್ತಿದ್ದ. ಅವನ ಹೆಂಡತಿ ಪ್ರತಿ ಅಂಗಿಯ ಒಳಗೂ ಹಳೇ ನೂಲಿನ ಸೀರೆಯ ತುಂಡು ಹೊಲಿದು ಕೊಡುತ್ತಿದ್ದಳು. ಆದರೂ ಎರಡು ಬೆರಳಿನಲ್ಲಿ ಅಂಗಿಯನ್ನು ಮೈಯಿಂದ ಎತ್ತಿ ಹಿಡಿದೇ ಓಡಾಡುತ್ತಿದ್ದ. ಟೆಂಪೊ ಓಡಿಸುವುದು ಬಿಟ್ಟ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಾನು, ಎದೆಗೆ ಒರಗಿಸಿಕೊಂಡವನಲ್ಲ.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ಕೇಳಬಹುದು. ತೋರಿಸಿದ, ಎಷ್ಟೋ ಜನಕ್ಕೆ ತೋರಿಸಿದ. ಇಲ್ಲೇ ಇರುವುದು ನಮ್ಮ ಜನರ ಕಥೆ. ಆಪರೇಷನ್ ಆದ ಜಾಗದಲ್ಲಿ ನೋವಿದೆಯಾ ಎಂದು ಡಾಕ್ಟರು ಕೇಳಿದರೆ ಬೈರಣ್ಣ ಇಲ್ಲವೆನ್ನುತ್ತಿದ್ದ. ಅವನ ಲೆಕ್ಕದಲ್ಲಿ ನೋವೆಂದರೆ ಹಲ್ಲುನೋವು, ಸೊಂಟನೋವು, ಪೆಟ್ಟು ಬಿದ್ದ ನೋವು. ಇದು ನೋವಲ್ಲ, ಉರಿ. ಮತ್ತೇನು ತೊಂದರೆ ಎಂದು ಕೇಳಿದರೆ ಎದೆ ಉರಿ ಎನ್ನುತ್ತಿದ್ದ. ಎದೆ ಉರಿ ಎಂದ ಮೇಲೆ ಯಾವ ಡಾಕ್ಟರ್ ತಾನೇ ಏನು ಮಾಡಿಯಾರು? ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಡುತ್ತಿದ್ದರು. ಹದಿನೆಂಟು ವರ್ಷ ಮನುಷ್ಯ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ, ಗುಲಾಬಿ ಬಣ್ಣದ ಔಷಧಿ ಕುಡಿದ.

ಮನೆಯವರ ವೈದ್ಯ ಇನ್ನೊಂದು. ಉರಿ ಎಂದರೆ ಮೈ ಉಷ್ಣ ಎಂದು ಎಲ್ಲರೂ ತೀರ್ಮಾನಿಸಿದರು. ಕೋಳಿ ಬಿಡಿಸಿದರು, ಮೊಟ್ಟೆ ಬಿಡಿಸಿದರು, ಮಾವಿನಹಣ್ಣು ಬಿಡಿಸಿದರು. ಎಲ್ಲಕ್ಕಿಂತ ಮೊದಲು ಹುರುಳಿ ಬಿಡಿಸಿದರು, ಹುರುಳಿಯಷ್ಟು ಉಷ್ಣ ಇನ್ನೊಂದಿಲ್ಲವಲ್ಲ. ಗೌರಮ್ಮನ ಮೆಸ್ಸಿನಲ್ಲಿ ಗುರುವಾರದ ಹುರುಳಿ ಸಾರಿಗೆ ಯಶವಂತಪುರದಿಂದ ಜನ ಬರುತ್ತಿದ್ದರು. ಒಡಹುಟ್ಟಿದ ಅಣ್ಣ ಬಂದರೆ ಅವನ ತಟ್ಟೆಗೆ ಮಾತ್ರ ಮಜ್ಜಿಗೆ. ಅವನು ಮೂಗೆತ್ತಿ ಸಾರಿನ ವಾಸನೆ ಹಿಡಿದು, ತಲೆ ತಗ್ಗಿಸಿ ಮಜ್ಜಿಗೆ ಕಲಸಿಕೊಳ್ಳುವುದನ್ನು ನೋಡಲಾರದೆ ಅವಳು ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಹಾಗಾಗಿ ಪಕ್ಕೆ ತೆರೆಯುತ್ತೇವೆ ಎಂದಾಗ ಗೌರಮ್ಮನಿಗೆ ಕಂಡದ್ದು ತನ್ನದೇ ಎರಡು ಬೆರಳು, ಮೈಯಿಂದ ಎತ್ತಿ ಹಿಡಿದ ತನ್ನದೇ ರವಿಕೆ. ಎದೆ ತೆರೆದವರಿಗೆಲ್ಲ ಆ ಉರಿ ಕಟ್ಟಿಟ್ಟದ್ದು ಎಂದು ಅವಳು ನಂಬಿಬಿಟ್ಟಿದ್ದಳು. ಉರಿ ಬಂದರೆ ಕೋಲು ಹಿಡಿಯುವುದು ಎಲ್ಲಿಂದ ಬಂತು? ಮುದ್ದೆಕೋಲು ಕೆಳಗಿಟ್ಟರೆ ಗೌರಮ್ಮ ಯಾರು? ಇದನ್ನು ಅವಳು ಗಂಡನಿಗೂ ಹೇಳಲಿಲ್ಲ.

ಆಪರೇಷನ್ನಿಗೆ ಮೊದಲು, ಮತ್ತು ಬರುವ ಔಷಧಿ ಕೊಡುವ ಡಾಕ್ಟರನ್ನು ಕಾಣಬೇಕಿತ್ತು. ಅವತ್ತು ಶಾಂತಲಾ ಜೊತೆ ಬೈರಣ್ಣನೂ ಬಂದ. ತಂಗಿಗೆ ಧೈರ್ಯ ಹೇಳಲು ಬಂದವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅಂಗಿ ಎತ್ತಿ ಹಿಡಿದು ಕೂತ. ಡಾಕ್ಟರ್ ಶಹರ್ಬಾನು ಆರ್‌.ಟಿ. ನಗರದಲ್ಲಿ ಹುಟ್ಟಿ ಬೆಳೆದವರು, ನಡುವಯಸ್ಸು, ಮಾತು ಚುರುಕು. ಗೌರಮ್ಮನ ಬಿಪಿ, ಸಕ್ಕರೆ, ಹಲ್ಲು ಎಲ್ಲ ವಿಚಾರಿಸುತ್ತಲೇ ಅವರ ಕಣ್ಣು ಬೈರಣ್ಣನ ಎರಡು ಬೆರಳಿನ ಮೇಲೆ ಹೋಯಿತು. ಅವನಿಗೂ ಎದೆಯ ಆಪರೇಷನ್ ಆಗಿದೆಯೆಂದು ಶಾಂತಲಾ ಹೇಳಿದಳು. ಈಗ ನೋವಿದೆಯಾ ಎಂದು ಡಾಕ್ಟರ್ ಕೇಳಿದರು. ಬೈರಣ್ಣ ಯಥಾಪ್ರಕಾರ ಇಲ್ಲವೆಂದ, ಒಸಿ ಎದೆ ಉರಿ ಅಷ್ಟೇ, ಮೈ ಉಷ್ಣ ಎಂದ.

ಎಲ್ಲಿ ಉರಿಯುತ್ತದೆ, ಬೆರಳಿಟ್ಟು ತೋರಿಸಿ ಎಂದರು. ಹದಿನೆಂಟು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. ಅವನು ಬೆನ್ನಿನಿಂದ ಎದೆಯವರೆಗೆ ಆ ಪಟ್ಟೆಯ ಉದ್ದಕ್ಕೂ ಬೆರಳು ತಂದ, ತಂದನೇ ಹೊರತು ಮುಟ್ಟಲಿಲ್ಲ. ಡಾಕ್ಟರ್ ಎದ್ದು ಬಂದು, ಅವನ ಒಪ್ಪಿಗೆ ಕೇಳಿ, ಒಂದು ಚೂರು ಹತ್ತಿಯನ್ನು ಆ ಜಾಗಕ್ಕೆ ಮೆತ್ತಗೆ ಸೋಕಿಸಿದರು. ಟೆಂಪೊಗೆ ಮೂಟೆ ಏರಿಸಿದ ಆಳು ಕುರ್ಚಿಯಿಂದ ಜಿಗಿದೇಬಿಟ್ಟ. ಗೌರಮ್ಮ ಬಾಯಿ ಮುಚ್ಚಿಕೊಂಡಳು. ಅಣ್ಣನಿಗೆ ಇಷ್ಟು ಇದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಇದು ಉಷ್ಣವೂ ಅಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ, ಪಕ್ಕೆಲುಬಿನ ನರದ ನೋವು ಎಂದರು ಡಾಕ್ಟರ್. ಎದೆ ತೆರೆದವರಲ್ಲಿ ಎಷ್ಟೋ ಜನಕ್ಕೆ ಇದು ಉಳಿದುಕೊಳ್ಳುತ್ತದೆ, ಆದರೆ ಎಲ್ಲರಿಗೂ ಅಲ್ಲ. ಆಮೇಲೆ ಗೌರಮ್ಮನ ಕಡೆ ತಿರುಗಿದರು.

"ಅಮ್ಮಾ, ಆಪರೇಷನ್ ಟೈಮಲ್ಲಿ ನೀವು ಮಲಗಿರ್ತೀರಿ, ಆದ್ರೆ ನಿಮ್ಮ ನರ ಮಲಗಿರಲ್ಲ. ಕೊಯ್ದಾಗೆಲ್ಲ ಅದು ಮೇಲಕ್ಕೆ ಸುದ್ದಿ ಕಳಿಸ್ತಾನೇ ಇರತ್ತೆ. ಕೆಲವರಿಗೆ ಗಾಯ ಮಾಯ್ದ ಮೇಲೂ ಆ ಸುದ್ದಿ ನಿಲ್ಲಲ್ಲ, ಅದೇ ಚಾಳಿ ಆಗ್ಬಿಡತ್ತೆ. ಅದು ಚಾಳಿ ಆಗೋಕೆ ಮುಂಚೆನೇ ಔಷಧಿ ಕೊಡೋಣ ಅಂತ."

ಗೌರಮ್ಮ ಕೋಲು ಹಿಡಿದವಳ ಹಾಗೆ ಗಾಳಿಯಲ್ಲಿ ಕೈ ಸುತ್ತಿದಳು. "ಇಟ್ಟು ಆಕೋವಾಗ್ಲೇ ಗಂಟಾಗ್ದಂಗೆ ನೋಡ್ಕೊಳ್ಳಾದು. ಗಂಟಾದ್ಮೇಲೆ ಎಷ್ಟ್ ತಿರುವುದ್ರೂ ಕರಗಾಕಿಲ್ಲ. ಅಂಗೇ ಅಲ್ವಾ?"

ಹಾಗೇ ಎಂದರು ಡಾಕ್ಟರ್, ಅವರಿಗೂ ನಗು ಬಂತು. ಆದರೆ ಗ್ಯಾರಂಟಿ ಕೊಡುವುದಿಲ್ಲ ಎಂದೂ ಹೇಳಿದರು. ಇದನ್ನು ಮಾಡಿದರೂ ಕೆಲವರಿಗೆ ನೋವು ಉಳಿಯಬಹುದು, ಆದರೆ ಉಳಿಯುವ ಸಂಭವ ಕಮ್ಮಿಯಾಗುತ್ತದೆಂಬ ಭರವಸೆ ಇದೆ. ಮಾಡುವುದು ಇಷ್ಟು: ಆಪರೇಷನ್ನಿಗೆ ಮೊದಲೇ ಬೆನ್ನಿನಲ್ಲಿ ಒಂದು ಸಣ್ಣ ಟ್ಯೂಬು ಹಾಕಿ, ಪಕ್ಕೆಗೆ ಹೋಗುವ ನರಗಳನ್ನು ಜೋಮು ಹಿಡಿಸುವ ಔಷಧಿ ಬಿಡುವುದು. ಆಪರೇಷನ್ ನಡೆಯುವಷ್ಟು ಹೊತ್ತೂ ರಕ್ತಕ್ಕೆ ಇನ್ನೊಂದು ಔಷಧಿಯನ್ನು ಸಣ್ಣಗೆ ಹರಿಸುವುದು. ಬೆನ್ನಿನ ಟ್ಯೂಬನ್ನು ಆಮೇಲೂ ಕೆಲವು ದಿನ ಇಟ್ಟಿರುವುದು.

ಅಲ್ಲಿಯವರೆಗೂ ತಲೆಯಾಡಿಸುತ್ತಿದ್ದ ಗೌರಮ್ಮ ಬೆನ್ನು ಎಂದ ಕೂಡಲೇ ಕಲ್ಲಾದಳು. ಬೆನ್ನಿಗೆ ಇಂಜೆಕ್ಷನ್ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ? ಶಾಂತಲಾಗೆ ಸಿಸೇರಿಯನ್ ಆದಾಗ ಬೆನ್ನಿಗೆ ಚುಚ್ಚಿದ್ದರು, ಅವತ್ತಿನಿಂದ ಅವಳಿಗೆ ಸೊಂಟನೋವು. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಅದನ್ನೇ ಹೇಳುತ್ತಾರೆ. ಇದು ಬೆನ್ನುಮೂಳೆಯ ಒಳಗಲ್ಲ ಪಕ್ಕದಲ್ಲಿ, ಮಗು ಎತ್ತಿ ಬಗ್ಗಿ ಏಳುವವರಿಗೆ ಸೊಂಟನೋವು ಬರುವುದಕ್ಕೆ ಕಾರಣ ಬೇರೆ ಇವೆ, ಎಂದು ಡಾಕ್ಟರ್ ತಾಳ್ಮೆಯಿಂದ ಬಿಡಿಸಿ ಹೇಳಿದರು. ಸೊಂಟ ಹಿಡಿದುಕೊಂಡೇ ನಿಂತಿದ್ದ ಶಾಂತಲಾ ಕೂಡ ಒಪ್ಪಿಕೊಳ್ಳಮ್ಮ ಎಂದಳು. ಉಹುಂ. ಎದೆ ಉಳಿಸಲು ಹೋಗಿ ಬೆನ್ನು ಕಳೆದುಕೊಂಡರೆ ಕೋಲು ತಿರುವುವುದು ಯಾವುದರಲ್ಲಿ? ಮಾಮೂಲಿ ಮತ್ತು ಕೊಟ್ಟು ಮುಗಿಸಿಬಿಡಿ ಎಂದು ಹೇಳಿ ಎದ್ದು ಹೊರಗೆ ಬಂದಳು. ಯೋಚನೆ ಮಾಡಿ, ಸಂಜೆವರೆಗೂ ಇರ್ತೀನಿ ಎಂದರು ಡಾಕ್ಟರ್.

ಆಸ್ಪತ್ರೆಯ ಹೊರಗೆ ಹೊಂಗೆಮರದ ಕೆಳಗೆ ಕಲ್ಲುಬೆಂಚಿತ್ತು. ಶಾಂತಲಾ ಕಾಫಿ ತರಲು ಹೋದಳು. ಬೈರಣ್ಣ ತಂಗಿಯ ಪಕ್ಕ ಕೂತ. ಅವನು ಮಾತಿನ ಆಸಾಮಿಯಲ್ಲ. ಎದೆಯ ಬಗ್ಗೆ ಕೇಳಿದರೆ ಇಷ್ಟು ವರ್ಷ ಪರ್ವಾಗಿಲ್ಲ ಎಂಬ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದವನು. ಈಗ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಒಳಗೆ ಹೊಲಿದಿದ್ದ ಸೀರೆಯ ತುಂಡನ್ನು ತೋರಿಸಿದ. ಅದು ಅವರಿಬ್ಬರ ಅವ್ವನ ಸೀರೆ. ಅಂಚಿನ ಗುರುತಿನಿಂದ ಗೌರಮ್ಮನಿಗೆ ತಿಳಿಯಿತು.

"ನೋವು ಕಣಮ್ಮ ಗೌರಿ," ಎಂದ. "ಉರಿ ಗಿರಿ ಅಂತ ಏಳ್ಕೊಂಡ್ ತಿರುಗ್ದೆ. ನೋವೇ ಇದು. ನಮ್ಮವ್ವ ಸತ್ತಾಗ ತಬ್ಕೊಂಡು ಅಳಾಕ್ ಬಂದೆ ನೀನು, ನಾನು ತಳ್ಬುಟ್ಟೆ. ನೆಪ್ಪೈತಾ? ನಿನ್ ಮ್ಯಾಲೆ ಸಿಟ್ಟಿರ್ನಿಲ್ಲ. ನೋವು ತಡ್ಕೊಳ್ಳಾಕ್ ಆಗ್ನಿಲ್ಲ."

ಗೌರಮ್ಮನಿಗೆ ನೆನಪಿತ್ತು. ಮರೆತಿದ್ದರಲ್ಲವೇ. ಅವ್ವನ ಹೆಣದ ಮುಂದೆ ಅಣ್ಣ ತಳ್ಳಿದನೆಂದು ಅವಳು ವರ್ಷಗಟ್ಟಲೆ ಒಳಗೊಳಗೇ ನೊಂದಿದ್ದಳು. ಕೇಳಿದವಳಲ್ಲ, ಅವನು ಹೇಳಿದವನಲ್ಲ. ಈಗ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಕಾಫಿ ತಂದ ಶಾಂತಲಾ ಗಾಬರಿಯಾಗಿ ನಿಂತಳು.

"ಈ ನೋವು ಬರ್ದಂಗೆ ಒಂದು ದಾರಿ ಐತೆ ಅಂತ ಆ ಯಮ್ಮ ಏಳ್ತಾವ್ಳೆ," ಎಂದ ಬೈರಣ್ಣ. "ನಂಗೆ ಅವತ್ತು ಇಂಗೆ ಯಾರಾರ ಏಳಿದ್ರೆ ಬೆನ್ನಿಗಲ್ಲ, ಕಣ್ಣಿಗೆ ಚುಚ್ತೀನಿ ಅಂದಿದ್ರೂ ಒಪ್ಕೊತಿದ್ದೆ."

ಗೌರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ತಣ್ಣಗಾಗಿದ್ದ ಕಾಫಿ ಕುಡಿದಳು, ಎದ್ದು ಒಳಗೆ ಹೋದಳು.

ಆಪರೇಷನ್ನಿನ ದಿನ ಅವಳನ್ನು ಮೇಜಿನ ಮೇಲೆ ಕೂರಿಸಿ ಬೆನ್ನು ಬಗ್ಗಿಸಲು ಹೇಳಿದರು. ಒಲೆಯ ಮುಂದೆ ಬಗ್ಗಿ ಅಭ್ಯಾಸವಿದ್ದ ಬೆನ್ನು, ಹೇಳಿದ ತಕ್ಷಣ ಬಗ್ಗಿತು. ತಣ್ಣಗಿನ ಔಷಧಿ ಒರೆಸಿದರು, ಇರುವೆ ಕಚ್ಚಿದಷ್ಟು ಚುಚ್ಚಿತು, ಆಮೇಲೆ ಒತ್ತಿದಂತಾಯಿತು. ಬಲಗಡೆಯ ಪಕ್ಕೆ ನಿಧಾನವಾಗಿ ಜೋಮು ಹಿಡಿದು ತನ್ನದಲ್ಲವೆನ್ನುವ ಹಾಗಾಯಿತು. ಶಹರ್ಬಾನು ಡಾಕ್ಟರು ಅವಳ ಕೈ ಹಿಡಿದುಕೊಂಡು ಹುರುಳಿ ಸಾರಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರು. ಬೆಳ್ಳುಳ್ಳಿಯವರೆಗೆ ಹೇಳಿದ್ದು ಗೌರಮ್ಮನಿಗೆ ನೆನಪಿದೆ.

ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಗುಳ್ಳೆ ಒಡೆಯದೆ ಇಡಿಯಾಗಿ ಹೊರಬಂದಿದೆ ಎಂದು ಸರ್ಜನ್ ಲಕ್ಕಣ್ಣನಿಗೆ ಹೇಳಿದ್ದರು. ಮಾರನೆಯ ದಿನದಿಂದ ಮೂರು ಚೆಂಡಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗೆ ಕೊಟ್ಟು, ಉಸಿರೆಳೆದು ಚೆಂಡು ಮೇಲೇರಿಸಬೇಕೆಂದರು. ಎದೆ ಕೊಯ್ಸಿಕೊಂಡವಳು ಮಗುವಿನ ಹಾಗೆ ಚೆಂಡಾಡುತ್ತಿದ್ದಾಳೆ ಎಂದು ಲಕ್ಕಣ್ಣ ರೇಗಿಸಿದ. ಅವನ ಕಣ್ಣು ಮಾತ್ರ ಒದ್ದೆಯಾಗಿತ್ತು.

ಡಾಕ್ಟರ್ ಒಂದು ಕಟ್ಟಪ್ಪಣೆ ಮಾಡಿದ್ದರು. ಈ ವಾರ್ಡಿನಲ್ಲಿ ಪರ್ವಾಗಿಲ್ಲ ಎಂಬ ಮಾತು ಆಡಕೂಡದು. ನೋವಾಗಲಿ, ಉರಿಯಾಗಲಿ, ಚುಳುಕ್ ಅನ್ನಲಿ, ಜುಮ್ ಅನ್ನಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಮ್ಮವರಿಗೆ ಇದಕ್ಕಿಂತ ಕಷ್ಟದ ಪಥ್ಯ ಇನ್ನೊಂದಿಲ್ಲ. ಮನೆಗೆ ಬೆಂಕಿ ಬಿದ್ದರೂ ನೋಡಲು ಬಂದವರಿಗೆ ಪರ್ವಾಗಿಲ್ಲ ಎನ್ನುವವರು ನಾವು. ಒಂದು ಮಧ್ಯಾಹ್ನ ಗೌರಮ್ಮನ ಪಕ್ಕೆಯಲ್ಲಿ ಕೆಂಡ ಮುಟ್ಟಿಸಿದ ಹಾಗೆ ಶುರುವಾಯಿತು. ಅದೇ ಪಟ್ಟೆ, ಅಣ್ಣ ಬೆರಳಿನಲ್ಲಿ ತೋರಿಸಿದ ಅದೇ ದಾರಿ. ಬಂದೇಬಿಟ್ಟಿತು ಎಂದುಕೊಂಡಳು. ನರ್ಸ್ ಬಂದು ಹೇಗಿದ್ದೀರಮ್ಮ ಎಂದಾಗ ಹಾಳು ಪರ್ವಾಗಿಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಮಂಚದ ಪಕ್ಕ ಕೂತಿದ್ದ ಬೈರಣ್ಣ ಅವಳನ್ನು ದುರುಗುಟ್ಟಿ ನೋಡಿದ.

"ಉರೀತೈತೆ," ಎಂದಳು ಗೌರಮ್ಮ. "ನೋವೂ ಐತೆ. ತಡ್ಕೊಳ್ಳಾಕ್ ಆಗ್ತಿಲ್ಲ."

ನರ್ಸ್ ಡಾಕ್ಟರನ್ನು ಕರೆಸಿದಳು. ಬೆನ್ನಿನ ಟ್ಯೂಬು ಮಗ್ಗುಲ ಕೆಳಗೆ ಸಿಕ್ಕಿ ಮಡಚಿಕೊಂಡು ಔಷಧಿ ನಿಂತುಹೋಗಿತ್ತು. ಶಹರ್ಬಾನು ಅದನ್ನು ಸರಿಪಡಿಸಿ ಮತ್ತೆ ಔಷಧಿ ಬಿಟ್ಟರು. ಶಾಂತಲಾ ತಂದ ಗಂಜಿ ಆರುವಷ್ಟರಲ್ಲಿ ಉರಿ ಇಳಿಯಿತು. ಹೇಳದೆ ಹಲ್ಲು ಕಚ್ಚಿಕೊಂಡಿದ್ದರೆ ಇವತ್ತಿನ ನೋವು ತಪ್ಪುತ್ತಿರಲಿಲ್ಲ, ಅದು ಉಳಿದುಕೊಳ್ಳುವ ಸಂಭವವೂ ಹೆಚ್ಚುತ್ತಿತ್ತು, ಒಳ್ಳೇ ಕೆಲಸ ಮಾಡಿದಿರಿ ಎಂದರು. ಶಾಲೆಯಲ್ಲೂ ಯಾರಿಂದಲೂ ಹೊಗಳಿಸಿಕೊಳ್ಳದ ಗೌರಮ್ಮನಿಗೆ ನೋವು ಹೇಳಿಕೊಂಡದ್ದಕ್ಕೆ ಹೊಗಳಿಕೆ ಸಿಕ್ಕಿತು.

ಇತ್ತ ಮೆಸ್ಸಿನಲ್ಲಿ ಲಕ್ಕಣ್ಣ ಕೋಲು ಹಿಡಿದಿದ್ದ. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಅವನ ಮುದ್ದೆಯಲ್ಲಿ ಗಂಟಿತ್ತು ಎನ್ನುವುದಕ್ಕಿಂತ ಗಂಟುಗಳ ನಡುವೆ ಅಲ್ಲಲ್ಲಿ ಮುದ್ದೆ ಇತ್ತು. ಗಾರೆ ಕೆಲಸದವರು ಒಂದು ವಾರ ಮರ್ಯಾದೆಗೆ ನುಂಗಿ, ಎರಡನೇ ವಾರ ಅನ್ನ ಕೇಳತೊಡಗಿದರು. ಗೌರಮ್ಮ ಮನೆಗೆ ಬಂದ ಮೇಲೆ ಪಾತ್ರೆ ನೋಡಿ ಗಂಡನ ಮುಖ ನೋಡಿದಳು. ಅವನು ಪರ್ವಾಗಿಲ್ಲ ಎಂದ.

ಮೂರು ತಿಂಗಳ ನಂತರ ತೋರಿಸಿಕೊಳ್ಳಲು ಹೋದಾಗ ಡಾಕ್ಟರ್ ಅವತ್ತಿನ ಹಾಗೇ ಒಂದು ಹತ್ತಿಯ ಚೂರನ್ನು ಗೌರಮ್ಮನ ಪಕ್ಕೆಗೆ ಸೋಕಿಸಿದರು. ಅವಳು ಜಿಗಿಯಲಿಲ್ಲ. ಗಾಯದ ಕೆಳಗೆ ಅಂಗೈಯಷ್ಟು ಜಾಗ ಜೋಮು ಹಿಡಿದಂತಿತ್ತು, ಕೆಮ್ಮಿದರೆ ಒಳಗೆಲ್ಲೋ ಬಿಗಿಯುತ್ತಿತ್ತು, ಅಷ್ಟೇ. ರವಿಕೆ ಮೈಮೇಲೆ ರವಿಕೆಯ ಹಾಗೆ ಕೂತಿತ್ತು. ಬೆನ್ನು ಮೊದಲು ಹೇಗಿತ್ತೋ ಹಾಗೇ ಇತ್ತು. ಔಷಧಿಯಿಂದಲೇ ಹೀಗಾಯಿತು ಎಂದು ಆಣೆ ಮಾಡಿ ಹೇಳಲಾರೆ, ನಿಮ್ಮ ಅದೃಷ್ಟವೂ ಸೇರಿರಬಹುದು ಎಂದು ನಕ್ಕರು ಡಾಕ್ಟರ್. ಗೌರಮ್ಮನಿಗೆ ಆ ಲೆಕ್ಕ ಬೇಕಿರಲಿಲ್ಲ. ಮಾರನೆಯ ಬೆಳಿಗ್ಗೆ ಗಂಡನ ಕೈಯಿಂದ ಕೋಲು ಕಸಿದುಕೊಂಡಳು. ಮೊದಲು ಸಣ್ಣ ಪಾತ್ರೆ, ಕೆಲವು ವಾರ ಕಳೆದ ಮೇಲೆ ದೊಡ್ಡದು. ಕೋಲಿನ ಮೇಲೆ ಮೈಭಾರ ಬಿಟ್ಟು ಮೊದಲ ಸುತ್ತು ಎಳೆದಾಗ ಎದೆ ತಡೆದುಕೊಂಡಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು, ಊಟಕ್ಕೆ ಕೂತವರು ತಿರುಗಿ ನೋಡಿದರು.

ಆದರೆ ಸಂತೋಷದ ಬೆನ್ನಲ್ಲೇ ಒಂದು ಸಂಕಟವೂ ಬಂತು. ತನಗೆ ತಪ್ಪಿದ್ದು ಅಣ್ಣನಿಗೆ ತಪ್ಪಲಿಲ್ಲವಲ್ಲ. ಗಂಟಾಗಿಹೋದವರಿಗೆ ಏನು ಮಾಡುತ್ತೀರಿ ಎಂದು ಅವಳು ಡಾಕ್ಟರನ್ನು ಕೇಳಿಯೇ ಕೇಳಿದ್ದಳು. ಪೂರ್ತಿ ಹೋಗದಿರಬಹುದು, ಕಮ್ಮಿ ಮಾಡಬಹುದು, ಅದಕ್ಕೇ ಇಲ್ಲಿ ಬೇರೆ ವಿಭಾಗವಿದೆ ಎಂದಿದ್ದರು. ಮುದ್ದೆಯ ಗಂಟನ್ನೂ ಪಾತ್ರೆಯ ಅಂಚಿಗೆ ಒತ್ತಿ ಒಂದೊಂದಾಗಿ ಒಡೆಯಬೇಕಾಗುತ್ತದೆ, ಹೊತ್ತು ಹಿಡಿಯುತ್ತದೆ, ಆಗದೆ ಇರುವುದಿಲ್ಲ. ಅವಳೇ ಮುಂದೆ ನಿಂತು ಬೈರಣ್ಣನನ್ನು ಮಾಕಳಿಯಿಂದ ಎಳೆದು ತಂದಳು. ಅಲ್ಲಿ ನೋವಿದೆಯಾ ಎಂದು ಕೇಳಿದಾಗ ಅವನು ತಂಗಿಯ ಮುಖ ನೋಡಿ, ಇದೆ ಎಂದ. ಗ್ಯಾಸ್ಟ್ರಿಕ್ ಮಾತ್ರೆ ನಿಂತಿತು, ನರದ ಮಾತ್ರೆ ಶುರುವಾಯಿತು, ಆಗಾಗ ಪಕ್ಕೆಗೆ ಇಂಜೆಕ್ಷನ್. ಊಟದಲ್ಲಿ ಏನೇನು ಬಿಡಬೇಕು ಎಂದು ಅವನು ಕೇಳಿದ್ದಕ್ಕೆ, ಏನೂ ಬಿಡಬೇಕಾಗಿಲ್ಲ, ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರಂತೆ.

ಯುಗಾದಿ ಕಳೆದು ಒಂದು ಗುರುವಾರ ಅವನು ಮೆಸ್ಸಿಗೆ ಬಂದ. ಅಂಗಿಯ ಗುಂಡಿ ಮೇಲಿನವರೆಗೂ ಹಾಕಿತ್ತು, ಕೈಗಳೆರಡೂ ಅಂಗಿ ಎತ್ತಿ ಹಿಡಿಯದೆ ಖಾಲಿಯಾಗಿದ್ದವು. ನೋವು ಪೂರ್ತಿ ಹೋಗಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಲಕ್ಕಣ್ಣ ಅಭ್ಯಾಸದಂತೆ ಮಜ್ಜಿಗೆ ತಂದಿಟ್ಟ. ಬೈರಣ್ಣ ಲೋಟವನ್ನು ಪಕ್ಕಕ್ಕೆ ಸರಿಸಿ, ಒಲೆಯ ಕಡೆ ನೋಡಿ, ಹುರುಳಿ ಸಾರು ಹಾಕು ಎಂದ.

ಗೌರಮ್ಮ ಬಿಸಿ ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ಸಾರು ತುಂಬಿದಳು. ಅವನು ಮೊದಲ ತುತ್ತು ನುಂಗಿ ಹಾಗೇ ತಲೆ ತಗ್ಗಿಸಿ ಕೂತ. ಸುಮ್ ಸುಮ್ನೆ ಹದಿನೆಂಟು ವರ್ಷ, ಎಂದು ತಟ್ಟೆಗೆ ಹೇಳಿದ. ಯಾರ ಮೇಲೂ ಸಿಟ್ಟಿರಲಿಲ್ಲ, ದುಃಖವಿತ್ತು. ಆಮೇಲೆ ಎರಡನೇ ತುತ್ತು ನುಂಗಿದ, ಮೂರನೆಯದು ನುಂಗಿದ. ನೋಡುತ್ತ ನೋಡುತ್ತ ಅವನ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಇಳಿಯಿತು. ಗೌರಮ್ಮ ಕೋಲು ಬಿಟ್ಟು ಓಡಿಬಂದಳು.

"ಏನಣ್ಣ, ಉರೀತೈತಾ?"

"ಊಂ," ಎಂದ ಬೈರಣ್ಣ ಮೂಗು ಒರೆಸಿಕೊಳ್ಳುತ್ತ. "ಬಾಯಿ ಉರೀತೈತೆ. ಖಾರ ಜಾಸ್ತಿ ಆಕ್ಬುಟ್ಟಿದ್ದೀಯ ಕಣಮ್ಮ. ಇನ್ನೊಂದ್ ಸೌಟು ಬಿಡು."